ಏಳು ದಿನದ ಮನೆಗೆ ಕೈಜೋಡಿಸುವ ಮುನ್ನ

ತಂಗಿ,

ವಿಜಯಪುರದಿಂದ ಅಮೆರಿಕಕ್ಕೆ ಬಂದು ಇನ್ನೂ ಒಂದು ಚಳಿಗಾಲವನ್ನೂ ಕಾಣದ ನೀವು ಕೇಳಿರುವುದು ಇದು: ನೀವಿರುವ ಊರಿನಲ್ಲಿ ಟಿವಿಯವರು ಕಷ್ಟದಲ್ಲಿರುವ ಕುಟುಂಬವೊಂದರ ಹಳೆಯ ಮನೆಯನ್ನು ಕೆಡವಿ ಒಂದೇ ವಾರದಲ್ಲಿ ಹೊಸದನ್ನು ಕಟ್ಟಿಕೊಡುತ್ತಾರೆ, ಅದಕ್ಕೆ ಸ್ವಯಂಸೇವಕರು ಬೇಕೆಂದು ಕರೆ ಕೊಟ್ಟಿದ್ದಾರೆ, ಯಜಮಾನರ ವೀಸಾವನ್ನು ಅವಲಂಬಿಸಿ ಬಂದ ನೀವು ಹೋಗಬಹುದೇ, ಹೋದರೆ ಮಾಡಲು ಏನಿರುತ್ತದೆ, ಅದು ಸೇವೆಯೋ ಬರಿಯ ತೋರಿಕೆಯೋ. ಬಾದಾಮಿ ತಾಲ್ಲೂಕಿನಿಂದ ಬಂದು ಇಲ್ಲಿ ನೆಲೆಸಿ ಬಹಳ ಕಾಲವಾದ ನಾನು ಅಂಥ ಒಂದು ಕಟ್ಟೋಣದಲ್ಲಿ ದುಡಿದಿದ್ದೇನೆ. ಕಾಗದಪತ್ರ ಸರಿಯಿದ್ದರೆ ಹೋಗಿ ಬನ್ನಿ, ಆದರೆ ನಿಮ್ಮ ಉತ್ಸಾಹವನ್ನೆಲ್ಲ ಅಲ್ಲಿಯೇ ಖರ್ಚು ಮಾಡಬೇಡಿ ಎಂಬುದು ನನ್ನ ಅಭಿಪ್ರಾಯ.

ಉಳಿದದ್ದೆಲ್ಲ ವೀಸಾದ ಮೇಲೆ ನಿಂತಿರುವುದರಿಂದ ಮೊದಲು ಅದನ್ನೇ ಹೇಳುತ್ತೇನೆ. ನಿಮ್ಮಂತೆ ಸಂಗಾತಿಯ ಕೆಲಸದ ವೀಸಾವನ್ನು ಅವಲಂಬಿಸಿ ಬಂದವರಿಗೆ ಕೊಡುವ ಎಚ್-4 ವೀಸಾದಲ್ಲಿದ್ದು ಕೆಲಸದ ಪರವಾನಗಿ ಇಲ್ಲದವರು ಸಂಬಳವನ್ನಾಗಲಿ ಅದಕ್ಕೆ ಬದಲಾದ ಯಾವ ಲಾಭವನ್ನಾಗಲಿ ಪಡೆಯದೆ ಧರ್ಮಾರ್ಥ ಸಂಸ್ಥೆಗಳಲ್ಲಿ ಸೇವೆ ಮಾಡಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದರೆ ಲಾಭಕ್ಕಾಗಿ ನಡೆಯುವ ಖಾಸಗಿ ಕಂಪನಿಗೆ ಬಿಟ್ಟಿಯಾಗಿ ದುಡಿಯುವುದನ್ನು ಇಲ್ಲಿನ ಕಾರ್ಮಿಕ ಕಾನೂನು ಸ್ವಯಂಸೇವೆ ಎಂದು ಒಪ್ಪುವುದಿಲ್ಲ; ಬೇರೆಯವರು ಕೂಲಿ ಪಡೆದು ಮಾಡುವ ಕೆಲಸವನ್ನು ನೀವು ಪುಕ್ಕಟೆ ಮಾಡಿದರೂ ಅದನ್ನು ಅನುಮತಿಯಿಲ್ಲದ ನೌಕರಿ ಎಂದು ಎಣಿಸುವ ಅಪಾಯವಿದೆ. ಕಾರ್ಯಕ್ರಮ ತಯಾರಿಸುವವರೂ ಕಂಪನಿಯವರೇ, ಮನೆ ಕಟ್ಟುವ ಬಿಲ್ಡರನೂ ಕಂಪನಿಯವನೇ. ಆದ್ದರಿಂದ ನೀವು ಸಹಿ ಮಾಡಬೇಕಾದ ಅರ್ಜಿ ಯಾರ ಹೆಸರಿನಲ್ಲಿದೆ, ನಡುವೆ ನೋಂದಾಯಿತ ಧರ್ಮಾರ್ಥ ಸಂಸ್ಥೆ ಇದೆಯೇ ಎಂಬುದನ್ನು ನೋಡಿ, ವಲಸೆ ವಕೀಲರಿಗೆ ತೋರಿಸಿದ ಮೇಲೆಯೇ ಸಹಿ ಮಾಡಿ. ಗಾಯವಾದರೆ ದಾವೆ ಹೂಡುವುದಿಲ್ಲ ಎಂಬ ಮಾತೂ ನಿಮ್ಮ ಮುಖವನ್ನು ಎಲ್ಲಿ ಬೇಕಾದರೂ ತೋರಿಸಬಹುದು ಎಂಬ ಮಾತೂ ಇಂಥ ಕಾಗದಗಳಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತವೆ.

ಈ ಬಗೆಯ ಕಾರ್ಯಕ್ರಮಗಳಲ್ಲಿ ಎಲ್ಲರ ಬಾಯಲ್ಲಿರುವುದು 'ಎಕ್ಸ್‌ಟ್ರೀಮ್ ಮೇಕೋವರ್: ಹೋಮ್ ಎಡಿಷನ್'. ಟೈ ಪೆನ್ನಿಂಗ್ಟನ್ ನಡೆಸಿಕೊಡುತ್ತಿದ್ದ ಅದು ಎಬಿಸಿ ವಾಹಿನಿಯಲ್ಲಿ 2003ರಿಂದ 2012ರವರೆಗೆ ನಡೆದು, 2020ರಲ್ಲಿ ಎಚ್‌ಜಿಟಿವಿಯಲ್ಲಿಯೂ 2025ರಲ್ಲಿ ಮತ್ತೆ ಎಬಿಸಿಯಲ್ಲಿಯೂ ಹೊಸ ರೂಪದಲ್ಲಿ ಬಂತು. ಕುಟುಂಬದವರನ್ನು ಪ್ರವಾಸಕ್ಕೆ ಕಳಿಸಿ, ಏಳು ದಿನಗಳಲ್ಲಿ ಮನೆ ಎಬ್ಬಿಸಿ, ಅದನ್ನು ಮರೆಮಾಡಿ ನಿಂತ ಬಸ್ಸನ್ನು ಕೊನೆಗೆ ಸರಿಸುವುದು ಅದರ ಪದ್ಧತಿ. ಸಾಮಾನು ಮತ್ತು ದುಡಿಮೆಯ ಬಹುಪಾಲು ಬರುವುದು ಸ್ಥಳೀಯ ಬಿಲ್ಡರ್‌ಗಳಿಂದ, ಅಂಗಡಿಗಳಿಂದ, ನಿಮ್ಮಂಥ ನೂರಾರು ಜನರಿಂದ.

ಏಳು ದಿನದಲ್ಲಿ ಮನೆ ಹೇಗೆ ಏಳುತ್ತದೆ ಎಂಬ ನಿಮ್ಮ ಅನುಮಾನ ಸಹಜವಾದದ್ದೇ. ನಮ್ಮ ಕಡೆ ಸ್ಲ್ಯಾಬ್ ಹಾಕಿದ ಮೇಲೆ ಬದು ಕಟ್ಟಿ ನೀರು ನಿಲ್ಲಿಸಿ ವಾರಗಟ್ಟಲೆ ಕಾಯದೆ ಸೆಂಟ್ರಿಂಗ್ ಬಿಚ್ಚಲು ಗೌಂಡಿ ಒಪ್ಪುವುದಿಲ್ಲ. ಇಲ್ಲಿ ಅಡಿಪಾಯವಷ್ಟೇ ಕಾಂಕ್ರೀಟಿನದು, ಅದಕ್ಕೂ ಬೇಗ ಗಟ್ಟಿಯಾಗುವ ಮಿಶ್ರಣಗಳಿವೆ; ಮೇಲಿನದೆಲ್ಲ ಮರ. ಗೋಡೆಯ ಚೌಕಟ್ಟನ್ನು ನೆಲದ ಮೇಲೆ ಮಲಗಿಸಿಯೇ ಸಿದ್ಧಪಡಿಸುತ್ತಾರೆ: 16 ಇಂಚಿಗೊಂದರಂತೆ ಮರದ ಪಟ್ಟಿಗಳನ್ನಿಟ್ಟು ಮೊಳೆ ಹೊಡೆದಾದ ಮೇಲೆ ಜನರು ಸಾಲಾಗಿ ಬಗ್ಗಿ ಮೇಲಿನ ಅಂಚನ್ನು ಹಿಡಿಯುತ್ತಾರೆ, ಒಬ್ಬ ಎಣಿಸಿ ಕೂಗುತ್ತಲೇ ಗೋಡೆ ಮೊಣಕಾಲಿಗೆ, ಸೊಂಟಕ್ಕೆ, ಹೆಗಲಿಗೆ ಏರಿ ನೆಟ್ಟಗೆ ನಿಲ್ಲುತ್ತದೆ, ಕೆಳಗಿನ ಪಟ್ಟಿ ಜಾರದಂತೆ ಇಬ್ಬರು ಬೂಟುಗಾಲನ್ನು ಒತ್ತಿ ಹಿಡಿದಿರುತ್ತಾರೆ, ಓರೆಯಾಗಿ ಊರೆ ಕೊಟ್ಟು ಮೊಳೆ ಹೊಡೆಯುವವರೆಗೂ ಯಾರೂ ಕೈ ಬಿಡುವಂತಿಲ್ಲ. ಆ ಸಾಲಿನಲ್ಲಿ ನಿಲ್ಲುವ ಅವಕಾಶ ಸಿಕ್ಕರೆ ಬಿಡಬೇಡಿ. ಆದರೆ ವಿದ್ಯುತ್ತು, ಕೊಳಾಯಿಯ ಕೆಲಸ ಲೈಸೆನ್ಸ್ ಇರುವವರದು. ಹೊಸಬರ ಪಾಲಿಗೆ ಬರುವುದು ಹೆಚ್ಚಾಗಿ ಕಸ ಎತ್ತುವುದು, ಹಲಗೆ ಹೊರುವುದು, ನೀರು ಕೊಡುವುದು, ಊಟದ ಡೇರೆಯಲ್ಲಿ ಬಡಿಸುವುದು, ಕೊನೆಯ ದಿನ ಅಂಗಳಕ್ಕೆ ಹುಲ್ಲಿನ ಹಾಸನ್ನು ಹಾಸುವುದು. ನಡುನಡುವೆ ಕ್ಯಾಮೆರಾಕ್ಕಾಗಿ ಸುತ್ತಿಗೆಗಳೆಲ್ಲ ಸುಮ್ಮನಾಗಬೇಕಾಗುತ್ತದೆ, ಹೊತ್ತು ತಂದ ಹಲಗೆಯನ್ನೇ ಇನ್ನೊಮ್ಮೆ ಹೊತ್ತು ಬರಬೇಕಾಗುತ್ತದೆ. ತೋರಿಕೆ ಎಂದರೆ ಅಷ್ಟು ತೋರಿಕೆ ಅದರಲ್ಲಿ ಇದ್ದೇ ಇದೆ. ನನಗೆ ಅದರಲ್ಲಿ ದೊಡ್ಡ ತಪ್ಪೇನೂ ಕಾಣುವುದಿಲ್ಲ, ಏಕೆಂದರೆ ಕ್ಯಾಮೆರಾ ಹೋದ ಮೇಲೂ ಮನೆ ಅಲ್ಲಿಯೇ ನಿಂತಿರುತ್ತದೆ.

ನಿಜವಾಗಿ ಯೋಚಿಸಬೇಕಾದದ್ದು ಆಮೇಲಿನ ಲೆಕ್ಕವನ್ನು. ಈ ದೇಶದಲ್ಲಿ ಆಸ್ತಿ ತೆರಿಗೆಯು ಮನೆಯ ಬೆಲೆಗೆ ಅಂಟಿಕೊಂಡಿರುತ್ತದೆ. ಚಿಕ್ಕ ಹಳೆಯ ಮನೆಯ ಜಾಗದಲ್ಲಿ ದೊಡ್ಡ ಹೊಸ ಮನೆ ಬಂದರೆ ತೆರಿಗೆ, ವಿಮೆ, ವಿದ್ಯುತ್ ಬಿಲ್ಲು ಎಲ್ಲವೂ ಏರುತ್ತವೆ, ಕುಟುಂಬದ ಆದಾಯ ಮಾತ್ರ ಇದ್ದಲ್ಲಿಯೇ ಇರುತ್ತದೆ. ಹೊಸ ಮನೆಯ ಮೇಲೆ ಆದಾಯ ತೆರಿಗೆ ಬೀಳದಿರಲು ಆ ಕಾರ್ಯಕ್ರಮದವರು ಕಂಡುಕೊಂಡ ಉಪಾಯ ಸ್ವಾರಸ್ಯವಾದದ್ದು: ವರ್ಷದಲ್ಲಿ 15 ದಿನಕ್ಕಿಂತ ಕಡಿಮೆ ಬಾಡಿಗೆಗೆ ಕೊಟ್ಟ ವಾಸದ ಮನೆಯ ಬಾಡಿಗೆಗೆ ತೆರಿಗೆಯಿಲ್ಲ ಎಂಬ ನಿಯಮವನ್ನು ಹಿಡಿದು, ಆ ಕೆಲವು ದಿನ ಮನೆಯನ್ನು ತಾವೇ ಬಾಡಿಗೆಗೆ ಪಡೆದಂತೆ ಮಾಡಿ, ಕಟ್ಟಿಕೊಟ್ಟದ್ದನ್ನೇ ಬಾಡಿಗೆ ಎಂದು ತೋರಿಸುತ್ತಿದ್ದರು. ತೆರಿಗೆ ತಜ್ಞರಲ್ಲಿ ಎಲ್ಲರೂ ಅದನ್ನು ಒಪ್ಪಲಿಲ್ಲ. ಜಾರ್ಜಿಯ ರಾಜ್ಯದಲ್ಲಿ ಅದೇ ಕಾರ್ಯಕ್ರಮಕ್ಕಾಗಿ 1,800ರಷ್ಟು ಜನ ಕೈಜೋಡಿಸಿ ಕಟ್ಟಿದ ಒಂದು ಮನೆಯನ್ನು ಅದರ ಒಡೆಯರು 4,50,000 ಡಾಲರ್ ಸಾಲಕ್ಕೆ ಅಡವಿಟ್ಟು, ತೀರಿಸಲಾಗದೆ, 2008ರಲ್ಲಿ ಅದು ಹರಾಜಿನ ಪಟ್ಟಿಗೆ ಬಂದಿತು. ಅವರನ್ನು ಬೈದವರು ಬಹಳ. ದುಡಿಯಲು ಬಂಡವಾಳವಿಲ್ಲದವರ ಕೈಗೆ ದೊಡ್ಡ ಮನೆಯೊಂದನ್ನೇ ಕೊಟ್ಟರೆ ಅವರು ಅದನ್ನಲ್ಲದೆ ಇನ್ನೇನನ್ನು ಅಡವಿಡಬೇಕು ಎಂದು ಕೇಳಿದವರು ಕಡಿಮೆ.

ಇದು ನಮ್ಮವರಿಗೆ ತಿಳಿಯದ ಸಂಗತಿಯಲ್ಲ. 2009ರ ನೆರೆಯ ಬಳಿಕ ಮಲಪ್ರಭೆಯ ದಂಡೆಯ ಹಳ್ಳಿಗಳಿಗಾಗಿ ಆಸರೆ ಯೋಜನೆಯಲ್ಲಿ ದಾನಿಗಳ ನೆರವಿನಿಂದ ಕಟ್ಟಿದ ಮನೆಗಳಲ್ಲಿ ಎಷ್ಟೋ ಮನೆಗಳು ಬೀಗ ಹಾಕಿಯೇ ಉಳಿದವು. ಕಟ್ಟಿದವರ ಮನಸ್ಸು ಕೆಟ್ಟದ್ದಾಗಿರಲಿಲ್ಲ. ಹೊಲ ದೂರವಾಯಿತು, ಎತ್ತು ಎಮ್ಮೆ ಕಟ್ಟಲು ಗೋದಲಿ ಇರಲಿಲ್ಲ, ಜೋಳದ ಚೀಲ, ಮೇವು, ನೇಗಿಲು ಇಡಲು ಎಡೆಯಿರಲಿಲ್ಲ.

ಅದಕ್ಕಾಗಿಯೇ ನಾನು ನಿಮ್ಮನ್ನು ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿಯ ಕಡೆಗೆ ಎಳೆಯುತ್ತಿದ್ದೇನೆ. 1976ರಲ್ಲಿ ಜಾರ್ಜಿಯದ ಅಮೆರಿಕಸ್ ಪಟ್ಟಣದಲ್ಲಿ ಆರಂಭವಾದ ಈ ಧರ್ಮಾರ್ಥ ಸಂಸ್ಥೆಯಲ್ಲಿ ಮನೆ ಪುಕ್ಕಟೆಯಲ್ಲ: ಕುಟುಂಬದವರು ತಾವೂ ಗೊತ್ತಾದಷ್ಟು ಗಂಟೆ ಕಟ್ಟೋಣದಲ್ಲಿ ದುಡಿಯಬೇಕು, ತಮ್ಮ ಆದಾಯಕ್ಕೆ ನಿಲುಕುವ ಕಂತುಗಳಲ್ಲಿ ಸಾಲ ತೀರಿಸಬೇಕು. ಮನೆಯೂ ಅವರಿಗೆ ಬೇಕಾದಷ್ಟೇ ಇರುತ್ತದೆ. ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1984ರಿಂದ ಮುಪ್ಪಿನವರೆಗೂ ಸುತ್ತಿಗೆ ಹಿಡಿದದ್ದು ಇದೇ ಸಂಸ್ಥೆಗಾಗಿ. 2006ರಲ್ಲಿ ಪುಣೆಯಿಂದಾಚೆ ಲೋಣಾವಳಾದ ಹತ್ತಿರ ನೂರು ಮನೆ ಕಟ್ಟುವಾಗಲೂ ಅವರು ಬಂದಿದ್ದರು. ಇಲ್ಲಿ ಕ್ಯಾಮೆರಾ ಇಲ್ಲದ್ದರಿಂದ ಮೊಳೆ ವಕ್ರವಾದರೆ ಕಿತ್ತು ಮತ್ತೆ ಹೊಡೆಯಲು ಸಮಯ ಕೊಡುತ್ತಾರೆ, ಮತ್ತು ಕಟ್ಟುವ ಮನೆಯಲ್ಲಿ ವಾಸಿಸಲಿರುವ ಹೆಣ್ಣುಮಗಳು ನಿಮ್ಮ ಪಕ್ಕದಲ್ಲಿಯೇ ಬಣ್ಣ ಬಳಿಯುತ್ತಿರಬಹುದು. ಹೊಸ ಊರಿನಲ್ಲಿ ಯಾರೂ ಪರಿಚಯವಿಲ್ಲ ಎಂದು ಬರೆದಿದ್ದೀರಿ; ಟಿವಿಯ ಜಂಗುಳಿಯಲ್ಲಿ ಪರಿಚಯ ಬೆಳೆಯುವುದಿಲ್ಲ, ಪ್ರತಿ ಶನಿವಾರ ಅದೇ ಏಣಿಯ ಕೆಳಗೆ ನಿಲ್ಲುವವರ ನಡುವೆ ಬೆಳೆಯುತ್ತದೆ.

ಎಲ್ಲಿಗೆ ಹೋದರೂ ಪಂಜಾಬಿ ಡ್ರೆಸ್ಸಿನ ಓಢಣಿಯನ್ನು ಮನೆಯಲ್ಲಿಯೇ ಬಿಡಿ, ಬಳೆ ತೆಗೆದಿಡಿ, ಮುಂಗಾಲು ಮುಚ್ಚುವ ದಪ್ಪ ಅಟ್ಟೆಯ ಬೂಟು ಹಾಕಿಕೊಳ್ಳಿ. ಅಲ್ಲಿ ಬಡಿಸುವ ಊಟದಲ್ಲಿ ನಮಗೆ ಸೇರುವಂಥದ್ದು ಹೆಚ್ಚಾಗಿ ಇರುವುದಿಲ್ಲ. ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗುವುದು ಲೇಸು, ನಾಲ್ಕು ರೊಟ್ಟಿ ಹೆಚ್ಚಿಗೆ ಇದ್ದರೂ ಉಳಿಯುವುದಿಲ್ಲ. ಟಿವಿಯವರ ಅರ್ಜಿಯ ಪ್ರತಿ ಸಿಕ್ಕರೆ ನನಗೂ ಕಳಿಸಿ, ಯಾವ ಸಾಲನ್ನು ವಕೀಲರಿಗೆ ತಪ್ಪದೆ ತೋರಿಸಬೇಕೆಂದು ಗುರುತು ಹಾಕಿ ಕೊಡುತ್ತೇನೆ.