ಎಸ್ಪ್ರೆಸೊ ಯಂತ್ರ ಕೊಳ್ಳುವ ಮುನ್ನ ಗ್ರೈಂಡರ್‌ಗೆ ಹಣ ಎತ್ತಿಡಿ

ಪ್ರಶ್ನೆ: ಮನೆಯಲ್ಲಿ ನಾವು ನಾಲ್ವರು. ಬೆಳಿಗ್ಗೆ ಫಿಲ್ಟರ್ ಕಾಫಿ ತಪ್ಪದು. ಸಂಜೆ ಎಲ್ಲರಿಗೂ ಕ್ಯಾಪುಚಿನೊ ಮಾಡಿಕೊಳ್ಳಲು ಎಸ್ಪ್ರೆಸೊ ಯಂತ್ರ ಹುಡುಕುತ್ತಿದ್ದೇವೆ. ಒಟ್ಟು 40 ಸಾವಿರ ರೂಪಾಯಿ ಇಟ್ಟುಕೊಂಡಿದ್ದೇವೆ. ಅಂಗಡಿಯವರು 20 ಬಾರ್ ಒತ್ತಡದ್ದನ್ನೇ ಕೊಳ್ಳಿ ಎನ್ನುತ್ತಾರೆ. ಅಮೆರಿಕದಲ್ಲಿರುವ ತಮ್ಮ ಅಲ್ಲಿಂದಲೇ ತರುತ್ತೇನೆ ಎನ್ನುತ್ತಿದ್ದಾನೆ. ಈಗ ಬಳಸುವ ಚಿಕೋರಿ ಬೆರೆತ ಪುಡಿಯನ್ನೇ ಅದಕ್ಕೂ ಹಾಕಬಹುದೇ?
– ಓದುಗರು, ಮೈಸೂರು

ಉತ್ತರ: ಚಿಕೋರಿ ಪುಡಿ ಖಂಡಿತ ಬೇಡ. ಚಿಕೋರಿ ನೀರು ತಾಗಿದೊಡನೆ ಮೆತ್ತಗಾಗಿ ಊದಿಕೊಳ್ಳುತ್ತದೆ. ಡಿಕಾಕ್ಷನ್ ತೊಟ್ಟಿಕ್ಕುವ ಫಿಲ್ಟರ್‌ನಲ್ಲಿ ಅದರಿಂದ ಅನುಕೂಲವೇ. ಆದರೆ ಒತ್ತಿ ಗಟ್ಟಿ ಮಾಡಿದ ಪುಡಿಯ ನಡುವೆ ಬಿಸಿನೀರು ಹಾಯಬೇಕಾದ ಎಸ್ಪ್ರೆಸೊದಲ್ಲಿ ಅದು ಜಾಲರಿಯನ್ನೇ ಕಟ್ಟಿಹಾಕುತ್ತದೆ. ಬೆಳಗಿನ ಪುಡಿ ಬೆಳಗಿಗೇ ಇರಲಿ.

ಪೆಟ್ಟಿಗೆಯ ಮೇಲಿನ 20 ಬಾರ್ ಸಂಖ್ಯೆಗೆ ಮರುಳಾಗಬೇಡಿ. ಅದು ಪಂಪ್ ಮುಟ್ಟಬಲ್ಲ ಗರಿಷ್ಠ ಒತ್ತಡ, ಅಷ್ಟೆ. ಎಸ್ಪ್ರೆಸೊಗೆ ಸುಮಾರು 9 ಬಾರ್ ಸಾಕು. 90ರಿಂದ 96 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು 18 ಗ್ರಾಂ ಪುಡಿಯೊಳಗಿಂದ ಹಾಯ್ದು, 25–30 ಸೆಕೆಂಡುಗಳಲ್ಲಿ ಸುಮಾರು 36 ಗ್ರಾಂ ಕಾಫಿ ಇಳಿಯಬೇಕು. ಬೇಗ ಇಳಿದರೆ ಹುಳಿ, ತಡವಾದರೆ ಕಹಿ. ಈ ವೇಗವನ್ನು ಹಿಡಿದಿಡುವುದು ಮುಖ್ಯವಾಗಿ ಪುಡಿಯ ನುಣುಪು. ಮಿಕ್ಸಿಯಲ್ಲಿ ಬೀಸಿದರೆ ಒಂದಿಷ್ಟು ಹಿಟ್ಟು, ಒಂದಿಷ್ಟು ತರಿ. ನೀರು ತರಿಯ ಸಂದಿಯಲ್ಲೇ ಜಾರಿಹೋಗುತ್ತದೆ. ಎಷ್ಟೇ ದುಬಾರಿ ಯಂತ್ರವಾದರೂ ಇದನ್ನು ಸರಿಪಡಿಸಲಾರದು. ಆದ್ದರಿಂದ ನಿಮ್ಮ ಹಣದಲ್ಲಿ ಮೂರನೇ ಒಂದು ಭಾಗವನ್ನಾದರೂ ನುಣುಪನ್ನು ಸಣ್ಣ ಸಣ್ಣ ಹಂತಗಳಲ್ಲಿ ಬದಲಿಸಬಹುದಾದ ಒಳ್ಳೆಯ ಬರ್ (ಎರಡು ಹಲ್ಲುಚಕ್ರಗಳ ನಡುವೆ ಬೀಜ ಅರೆಯುವ) ಗ್ರೈಂಡರ್‌ಗೆ ಮೀಸಲಿಡಿ. ಕೈಯಿಂದ ತಿರುಗಿಸುವುದಾದರೂ ಸರಿ, 18 ಗ್ರಾಂ ಪುಡಿಯಲ್ಲಿ ಇಬ್ಬರ ಕ್ಯಾಪುಚಿನೊ ಆಗುತ್ತದೆ.

ಅಗ್ಗದ ಯಂತ್ರಗಳ ಜೊತೆ ಬರುವ ಪುಡಿ ಹಾಕುವ ಬುಟ್ಟಿಗೆ ಎರಡು ತಳ ಇರುತ್ತದೆ. ಕೆಳತಳದ ಒಂದೇ ಸಣ್ಣ ರಂಧ್ರದಿಂದ ಕಾಫಿ ಚಿಮ್ಮಿ ನೊರೆ ಏಳುತ್ತದೆ, ರುಚಿ ಮಾತ್ರ ಅಷ್ಟಕ್ಕಷ್ಟೆ. ಒಂದೇ ತಳದ ಬುಟ್ಟಿಯೂ ಹೊಂದುತ್ತದೆಯೇ ಎಂದು ಕೇಳದೆ ಯಂತ್ರ ಕೊಳ್ಳಬೇಡಿ.

ನಿಮ್ಮ ಮನೆಯಲ್ಲಿ ಹಾಲಿನ ಕಾಫಿ ನಾಲ್ಕು ಲೋಟ. ಒಂದೇ ಬಾಯ್ಲರ್ ಇರುವ ಯಂತ್ರದಲ್ಲಿ ಕಾಫಿ ಇಳಿಸಿದ ಮೇಲೆ ಹಾಲಿಗೆ ಹಬೆ ಬೇಕೆಂದರೆ ಬಿಸಿ ಏರುವವರೆಗೆ ಕಾಯಬೇಕು. ಎರಡು ಬಾಯ್ಲರಿನವು ಈ ಕಾಯುವಿಕೆಯನ್ನು ತಪ್ಪಿಸುತ್ತವೆ, ಬೆಲೆ ಸಾಮಾನ್ಯವಾಗಿ ಲಕ್ಷ ದಾಟುತ್ತದೆ. ಸಂಜೆಯ ನಾಲ್ಕು ಲೋಟಕ್ಕೆ ಅಷ್ಟು ಖರ್ಚು ನ್ಯಾಯವಲ್ಲ. ಸಣ್ಣ ಕೊಳವೆಯಲ್ಲಿ ಹರಿಯುವ ನೀರನ್ನು ಆಗಿಂದಾಗ ಕಾಯಿಸುವ ಥರ್ಮೊಬ್ಲಾಕ್ ಯಂತ್ರ ನಿಮಗೆ ತಕ್ಕದ್ದು. ಗುಂಡಿ ಒತ್ತಿ ಸ್ವಲ್ಪ ಹೊತ್ತಿಗೇ ಸಿದ್ಧವಾಗುತ್ತದೆ. ಹಬೆಯ ರಭಸ ಕಡಿಮೆ, ಹಾಲು ನೊರೆಯೇಳಲು ಸ್ವಲ್ಪ ತಾಳ್ಮೆ ಬೇಕು. ಎರಡು ಸುತ್ತು ಕಾಫಿ ಮೊದಲು ಇಳಿಸಿಕೊಂಡು, ಆಮೇಲೆ ಹಾಲನ್ನೆಲ್ಲ ಒಟ್ಟಿಗೆ ಕಾಯಿಸಿ.

ಅಮೆರಿಕದ ಯಂತ್ರ ಬೇಡವೇ ಬೇಡ. ಅಲ್ಲಿನ ವಿದ್ಯುತ್ 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ಭಾರವಾದ ಟ್ರಾನ್ಸ್‌ಫಾರ್ಮರ್ ಇಟ್ಟರೂ ಹರ್ಟ್ಸ್ ಬದಲಾಗದು, ಪಂಪ್ ಅಲ್ಲಿಯಂತೆ ಓಡದು. ಕೆಟ್ಟರೆ ಇಲ್ಲಿ ರಿಪೇರಿಗೂ ಪರದಾಟ. ನಿಮ್ಮ ತಮ್ಮ ಪ್ರೀತಿಯಿಂದ ಏನಾದರೂ ತರುವುದಾದರೆ ಕೈ ಗ್ರೈಂಡರ್ ತರಲಿ, ಅದಕ್ಕೆ ವಿದ್ಯುತ್ತಿನ ಹಂಗೇ ಇಲ್ಲ.

ಬೀಜಕ್ಕೆ ದೂರ ಹೋಗಬೇಕಿಲ್ಲ. ಚಿಕ್ಕಮಗಳೂರು ಅಥವಾ ಕೊಡಗಿನ ಅರೇಬಿಕಾಕ್ಕೆ ಸ್ವಲ್ಪ ರೊಬಸ್ಟಾ ಬೆರೆಸಿ ಹುರಿದದ್ದನ್ನು ಕೇಳಿ. ರೊಬಸ್ಟಾದಿಂದ ಕೆನೆನೊರೆ ದಟ್ಟವಾಗುತ್ತದೆ, ಹಾಲಿನಲ್ಲಿಯೂ ಕಾಫಿಯ ರುಚಿ ಮುಳುಗದು. ಹುರಿದ ದಿನಾಂಕ ನಮೂದಿಸದ ಪೊಟ್ಟಣ ಕೊಳ್ಳಬೇಡಿ.

ಇನ್ನೆರಡು ಮಾತು. ಇಂಥ ಯಂತ್ರಗಳು 1,300ರಿಂದ 1,500 ವಾಟ್ ಎಳೆಯುತ್ತವೆ, ಆದ್ದರಿಂದ 6 ಆಂಪಿಯರ್‌ನ ಸಣ್ಣ ಪ್ಲಗ್ ಬಿಟ್ಟು 16 ಆಂಪಿಯರ್‌ನದಕ್ಕೆ ಜೋಡಿಸಿ. ಗಡಸು ಕೊಳವೆಬಾವಿ ನೀರು ಒಳಗೆ ಸುಣ್ಣದ ಪೊರೆ ಕಟ್ಟಿಸುತ್ತದೆ. ಅದನ್ನು ತೆಗೆಯುವ ವಿಧಾನ ಯಂತ್ರದ ಕೈಪಿಡಿಯಲ್ಲಿರುತ್ತದೆ. ರಬ್ಬರ್ ಗ್ಯಾಸ್ಕೆಟ್ ಸವೆದಾಗ ಹೊಸದು ಮೈಸೂರಿನಲ್ಲೇ ಸಿಗುತ್ತದೆಯೇ ಎಂಬುದನ್ನು ದುಡ್ಡು ಕೊಡುವ ಮೊದಲೇ ವಿಚಾರಿಸಿಕೊಳ್ಳಿ.