ಗೈಡ್ ಸ್ಟ್ರಿಕ್ಟಾ ಅಂತ ಕೇಳಿದ್ದೀಯಲ್ಲ

ಅಣ್ಣಾ ಅಂತ ಕರೆದು ಕೇಳಿದ್ದೀಯ, ಅದಕ್ಕೇ ಏಕವಚನದಲ್ಲಿ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಸುರತ್ಕಲ್‌ನಲ್ಲಿ ಎಂಟೆಕ್ ಮುಗಿಸಿದ್ದೀಯ. ಹಾಲೆಂಡಿನ ಐಂಡ್‌ಹೋವನ್‌ನಲ್ಲಿ ಚಿಪ್ ಡಿಸೈನ್ ಮೇಲೆ ನಾಲ್ಕು ವರ್ಷದ ಪಿಎಚ್‌ಡಿ ಸಿಕ್ಕಿದೆ. ಸಂಬಳ ಸಾಕಾಗುತ್ತಾ, ವೆಜ್ ಊಟ ಸಿಗುತ್ತಾ, ಆಮೇಲೆ ಅಲ್ಲೇ ಕೆಲಸ ಸಿಗುತ್ತಾ, ಗೈಡ್ ಸ್ಟ್ರಿಕ್ಟಾ. ಇವು ನಿನ್ನ ನಾಲ್ಕು ಪ್ರಶ್ನೆ. ಮೊದಲ ಮೂರನ್ನು ಬೇಗ ಮುಗಿಸಿಬಿಡುತ್ತೇನೆ.

ಸಂಬಳ ಸಾಕಾಗುತ್ತದೆ. ಇಲ್ಲಿ ಪಿಎಚ್‌ಡಿ ಅಂದರೆ ಸ್ಟೈಪೆಂಡ್ ಅಲ್ಲ, ನೌಕರಿ. ಪಿಂಚಣಿಗೆ ಹಿಡಿಯುತ್ತಾರೆ, ಮೇ ತಿಂಗಳಲ್ಲಿ ವರ್ಷದ ಸಂಬಳದ 8 ಪರ್ಸೆಂಟ್ ರಜೆ ದುಡ್ಡು ಅಂತ ಬೇರೆ ಕೊಡುತ್ತಾರೆ. "ರಜಾ ಹಾಕು ಅಂತ ಅವರೇ ದುಡ್ಡು ಕೊಡ್ತಾರಾ?" ಅಂತ ನಮ್ಮಪ್ಪ ಮೂರು ಸಲ ಕೇಳಿದ್ದರು. ಹೊರದೇಶದಿಂದ ಬಂದವರಿಗೆ ತೆರಿಗೆಯಲ್ಲಿ ರಿಯಾಯಿತಿ ಇದೆ, 30 ಪರ್ಸೆಂಟ್ ರೂಲಿಂಗ್ ಅನ್ನುತ್ತಾರೆ. ಕೆಲಸಕ್ಕೆ ಸೇರಿದ ನಾಲ್ಕು ತಿಂಗಳೊಳಗೆ ಅರ್ಜಿ ಹೋಗಬೇಕು, ಎಚ್ಆರ್‌ನವರಿಗೆ ನೀನೇ ನೆನಪಿಸು. ಕಷ್ಟ ಇರುವುದು ಮನೆ ಹುಡುಕುವುದರಲ್ಲಿ. ಕಣ್ಣಾರೆ ನೋಡದೆ ಅಡ್ವಾನ್ಸ್ ಕಳಿಸಬೇಡ, ಫೋಟೋ ತೋರಿಸಿ ಟೋಪಿ ಹಾಕುವವರು ಇಲ್ಲೂ ಇದ್ದಾರೆ. "ಈ ಅಡ್ರೆಸ್ ಕೊಟ್ಟು ಮುನ್ಸಿಪಾಲಿಟಿಯಲ್ಲಿ ಹೆಸರು ನೋಂದಾಯಿಸಬೇಡ" ಅನ್ನುವ ಮನೆ ಎಷ್ಟೇ ಅಗ್ಗವಾದರೂ ಬೇಡ.

ವೆಜ್ ಸಿಗುತ್ತದೆ, ರುಚಿ ಕೇಳಬೇಡ. ಮಧ್ಯಾಹ್ನ ಹನ್ನೆರಡಾದರೆ ಎಲ್ಲರೂ ತಣ್ಣನೆ ಬ್ರೆಡ್ಡಿಗೆ ಚೀಸ್ ಇಟ್ಟು ತಿಂದು ಎದ್ದುಬಿಡುತ್ತಾರೆ, ಅದೇ ಊಟ. ಆ ಚೀಸ್ ಎಲ್ಲವೂ ವೆಜ್ ಅಲ್ಲ, ಕೆಲವಕ್ಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿರುತ್ತಾರೆ. ನನಗಿದು ಗೊತ್ತಾಗುವಷ್ಟರಲ್ಲಿ ಎರಡು ವರ್ಷ ತಿಂದಾಗಿತ್ತು. ಅಮ್ಮನಿಗೆ ಇನ್ನೂ ಹೇಳಿಲ್ಲ.

ಕೆಲಸದ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡ. 1891ರಲ್ಲಿ ಫಿಲಿಪ್ಸ್‌ನವರು ಬಲ್ಬಿನ ಕಂಪನಿ ಶುರು ಮಾಡಿದ ಊರಿದು. ಈಗ ಪಕ್ಕದ ವೆಲ್ಡ್‌ಹೋವನ್‌ನಲ್ಲಿ ಚಿಪ್ ಮಾಡುವ ಯಂತ್ರಗಳ ಕಂಪನಿ ಎಎಸ್ಎಂಎಲ್ ಇದೆ, ಊರಲ್ಲೇ ಚಿಪ್ ಕಂಪನಿ ಎನ್ಎಕ್ಸ್‌ಪಿ ಇದೆ. ಪಿಎಚ್‌ಡಿ ಮುಗಿದ ಮೇಲೆ ಕೆಲಸ ಹುಡುಕಲು ಒಂದು ವರ್ಷದ ವೀಸಾ ಕೊಡುತ್ತಾರೆ. ನಾವು ಬಿಇಯಲ್ಲಿ ಬಾಯಿಪಾಠ ಮಾಡಿ ಬರೆದ ಶಾರ್ಟೆಸ್ಟ್ ಪಾತ್ ಅಲ್ಗಾರಿದಮ್ ಇದೆಯಲ್ಲ, ಅದನ್ನು ಕಂಡುಹಿಡಿದ ಡೈಕ್‌ಸ್ಟ್ರಾ 1984ರವರೆಗೆ ಪಾಠ ಮಾಡಿದ್ದು ಇದೇ ಊರಲ್ಲಿ. ಮೊದಲ ವಾರ ಅದನ್ನು ತಿಳಿದು ಊರಿನವರಿಗೆಲ್ಲ ಫೋನ್ ಮಾಡಿ ಹೇಳಿದ್ದೆ. ಯಾರಿಗೂ ಏನೂ ಅನಿಸಲಿಲ್ಲ.

ಇನ್ನು ಗೈಡ್. ನಾನು ಇಲ್ಲಿಗೆ ಪಿಎಚ್‌ಡಿಗೆ ಬಂದಾಗ ಸಿಕ್ಕ ಗೈಡ್ ಕಥೆಯನ್ನೇ ಹೇಳುತ್ತೇನೆ.

2010ರ ಸೆಪ್ಟೆಂಬರ್. ಆಮ್‌ಸ್ಟರ್‌ಡ್ಯಾಮಿನ ಸ್ಕಿಪೋಲ್ ಏರ್‌ಪೋರ್ಟ್‌ನಲ್ಲಿ ಇಳಿದು ರೈಲು ಹಿಡಿದು ಬಂದರೆ ಐಂಡ್‌ಹೋವನ್ ಸ್ಟೇಷನ್ ಎದುರು ಜಿಟಿಜಿಟಿ ಮಳೆ. ಒಬ್ಬರು ಸೈಕಲ್ ನಿಲ್ಲಿಸಿ, ಒದ್ದೆ ಜಾಕೆಟ್‌ನಲ್ಲೇ ಬಂದು ತಮ್ಮ ಹೆಸರು ಹೇಳಿ ಕೈ ಕುಲುಕಿದರು. ಬರೀ ಹೆಸರು, ಪ್ರೊಫೆಸರ್ ಗಿಫೆಸರ್ ಏನಿಲ್ಲ. ಅವರೇ ನನ್ನ ಗೈಡ್ ಅಂತ ಹೊಳೆಯುವಷ್ಟರಲ್ಲಿ ನನ್ನ ಒಂದು ಸೂಟ್‌ಕೇಸ್ ಎತ್ತಿಕೊಂಡಿದ್ದರು. ಗುರುಗಳ ಕೈಲಿ ಪೆಟ್ಟಿಗೆ ಹೊರಿಸುವುದಾ? ನಾನು ಎಳೆದೆ, ಅವರೂ ಎಳೆದರು, ಹಿಡಿ ಕಿತ್ತುಬಂತು. ನಿನಗೆ ಇದು ಅರ್ಥವಾಗುತ್ತದೆ. ಅವರಿಗೆ ಕೊನೆವರೆಗೂ ಆಗಲಿಲ್ಲ ಅಂತ ಕಾಣುತ್ತದೆ.

ಸ್ಟ್ರಿಕ್ಟ್ ಅಲ್ಲವೇ ಅಲ್ಲ. ಕೂಗುವುದಿಲ್ಲ, ಹಂಗಿಸುವುದಿಲ್ಲ. ಆದರೆ ಚೆನ್ನಾಗಿಲ್ಲದ್ದನ್ನು ಚೆನ್ನಾಗಿಲ್ಲ ಅಂತ ಎಲ್ಲರೆದುರೇ ಹೇಳಿಬಿಡುತ್ತಾರೆ, ಹೇಳಿ ಕಾಫಿಗೆ ಕರೆಯುತ್ತಾರೆ. ನಾನು ಮೊದಮೊದಲು ರಾತ್ರಿಯೆಲ್ಲ ಅದನ್ನೇ ಯೋಚಿಸುತ್ತಿದ್ದೆ. ಅವರು ಕಾಫಿ ಮುಗಿಯುವಷ್ಟರಲ್ಲಿ ಮರೆತಿರುತ್ತಿದ್ದರು. ತೊಂದರೆ ಇದ್ದದ್ದು ಅವರಲ್ಲಲ್ಲ. ನಮ್ಮ ಕಡೆ ಮೇಷ್ಟ್ರು "ಅರ್ಥ ಆಯ್ತಾ?" ಅಂದರೆ "ಆಯ್ತು ಸರ್" ಅನ್ನುವುದು ಮರ್ಯಾದೆ. ನಾನು ಆ ಮರ್ಯಾದೆಯನ್ನು ಸೂಟ್‌ಕೇಸ್ ಜೊತೆ ತಂದಿದ್ದೆ.

2012ರಲ್ಲಿ ನನ್ನ ಮೊದಲ ಚಿಪ್. 65 ನ್ಯಾನೋಮೀಟರ್ ತಂತ್ರಜ್ಞಾನದಲ್ಲಿ ಒಂದು ಎಡಿಸಿ, ಅಂದರೆ ಅನಲಾಗ್ ಸಿಗ್ನಲನ್ನು ಡಿಜಿಟಲ್ ಮಾಡುವ ಸರ್ಕ್ಯೂಟ್, ಅಗಲ ಉದ್ದ ಒಂದೊಂದು ಮಿಲಿಮೀಟರ್. ಯೂನಿವರ್ಸಿಟಿಯವರು ಚಿಪ್ ಮಾಡುವ ಸಿಲಿಕಾನ್ ಬಿಲ್ಲೆಯನ್ನು, ಅದೇ ವೇಫರ್, ಇಡಿಯಾಗಿ ಕೊಳ್ಳುವುದಿಲ್ಲ, ಹತ್ತಾರು ಜನರ ಡಿಸೈನ್ ಒಂದೇ ವೇಫರ್‌ನಲ್ಲಿ ಹೋಗುತ್ತದೆ. ನಮ್ಮೂರ ಬಸ್ಸಿನ ಹಾಗೆ ಅದು ನಿನಗೋಸ್ಕರ ಕಾಯುವುದಿಲ್ಲ, ತಾರೀಕಿಗೆ ಫೈಲು ಹೋಗದಿದ್ದರೆ ಮುಂದಿನದಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಟೇಪ್‌ಔಟ್‌ಗೆ, ಅಂದರೆ ಫೈಲು ಕಳಿಸುವ ದಿನಕ್ಕೆ, ಮೂರು ವಾರ ಇತ್ತು. ಎಡಿಸಿಗೆ ಸೆಟ್ಟಿಂಗ್ ತುಂಬಲು ಒಂದು ಶಿಫ್ಟ್ ರಿಜಿಸ್ಟರ್, 64 ಫ್ಲಿಪ್‌ಫ್ಲಾಪ್‌ಗಳ ಸಾಲು ಅದು, ಪ್ರತಿ ಕ್ಲಾಕಿಗೂ ಒಂದೊಂದು ತನ್ನ ಬಿಟ್ಟನ್ನು ಪಕ್ಕದ್ದಕ್ಕೆ ದಾಟಿಸುತ್ತದೆ. ಸಿಮ್ಯುಲೇಷನ್‌ನಲ್ಲಿ ಫಾಸ್ಟ್ ಕಾರ್ನರ್, ಅಂದರೆ ಟ್ರಾನ್ಸಿಸ್ಟರ್‌ಗಳು ಅತಿ ವೇಗವಾಗಿದ್ದರೆ ಹೇಗೆ ಅಂತ, ಓಡಿಸಿದಾಗ ಅದರಲ್ಲಿ ಒಂದೆರಡು ಕಡೆ ಏನೋ ಎಡವಿದಂತೆ ಕಂಡಿತು. ಟಿಪಿಕಲ್‌ನಲ್ಲಿ, ಅಂದರೆ ಮಾಮೂಲಿ ವೇಗದಲ್ಲಿ, ಸರಿಯಾಗಿತ್ತು. ಹೋಲ್ಡ್ ಟೈಮ್ ತೊಂದರೆ, ಅಂದರೆ ಹಳೆ ಬಿಟ್ ಹಿಡಿದುಕೊಳ್ಳುವ ಮುಂಚೆಯೇ ಹೊಸದು ನುಗ್ಗುವುದು, ಇರಬಹುದಾ ಅಂತ ಅನುಮಾನ ಬಂತು. ಅದನ್ನು ಹೇಗೆ ಪಕ್ಕಾ ಮಾಡಿಕೊಳ್ಳುವುದು ಅಂತ ಗೊತ್ತಿರಲಿಲ್ಲ. ಅವರ ಬಾಗಿಲು ತೆರೆದೇ ಇತ್ತು, ನಾಲ್ಕು ಹೆಜ್ಜೆ. ಶಿಫ್ಟ್ ರಿಜಿಸ್ಟರ್ ಬಿಇ ಎರಡನೇ ವರ್ಷದ ಪಾಠ, ಅದನ್ನು ಹೋಗಿ ಕೇಳಿದರೆ ಏನಂದುಕೊಳ್ಳುತ್ತಾರೋ. ಸೋಮವಾರದ ಮೀಟಿಂಗ್‌ನಲ್ಲಿ "ಎಲ್ಲಾ ಸರಿ ಇದೆಯಾ?" ಅಂದರು. ತಲೆ ಅಲ್ಲಾಡಿಸಿದೆ. ನಮ್ಮ ಆ ತಲೆ ಅಲ್ಲಾಟ ಅವರಿಗೆ ಹೌದೋ ಅಲ್ಲವೋ ತಿಳಿಯುವುದಿಲ್ಲ. ಮತ್ತೆ ಕೇಳಿದರು. "ಎಸ್, ಎಸ್" ಅಂದೆ.

ಚಿಪ್ ಬರಲು ನಾಲ್ಕು ತಿಂಗಳು. ಬೋರ್ಡಿಗೆ ಹಾಕಿ 64 ಬಿಟ್ ಕಳಿಸಿದರೆ 64ನೇ ಕ್ಲಾಕಿಗೆ ಹೊರಬರಬೇಕಾದ ಬಿಟ್ 61ಕ್ಕೇ ಬಂತು. ಇನ್ನೊಂದು ಸಲ 62ಕ್ಕೆ. ಮದುವೆ ಮನೆಯಲ್ಲಿ ನೀರಿನ ಬಿಂದಿಗೆಯನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಎಲ್ಲರೂ ಒಂದೇ ಸೀಟಿಗೆ ಕೈ ಬದಲಾಯಿಸಬೇಕು. ನಡುವೆ ಒಬ್ಬನಿಗೆ ಸೀಟಿ ತಡವಾಗಿ ಕೇಳಿಸಿದರೆ, ಅವನು ಕೈ ಚಾಚುವಷ್ಟರಲ್ಲಿ ಹಿಂದಿನವನ ಕೈಗೆ ಮುಂದಿನ ಬಿಂದಿಗೆ ಬಂದಿರುತ್ತದೆ, ಒಂದೇ ಸೀಟಿಗೆ ಅದು ಎರಡು ಕೈ ದಾಟಿ, ಎಲ್ಲಾ ಕಲಸುಮೇಲೋಗರ. ಸೆಟಪ್ ಟೈಮ್ ತೊಂದರೆ, ಅಂದರೆ ಬಿಟ್ ತಡವಾಗಿ ತಲುಪುವುದು, ಆಗಿದ್ದರೆ ಕ್ಲಾಕ್ ನಿಧಾನ ಮಾಡಿ ಬಚಾವಾಗಬಹುದಿತ್ತು. ಹೋಲ್ಡ್ ತೊಂದರೆಗೆ ಅದು ನಡೆಯುವುದಿಲ್ಲ, ಗಂಟೆಗೊಂದು ಕ್ಲಾಕ್ ಕೊಟ್ಟರೂ ಅದೇ ಕಥೆ. ವೋಲ್ಟೇಜ್ ಇಳಿಸಿ ನೋಡಿದೆ, ಏರಿಸಿ ನೋಡಿದೆ. ಹುಡುಗಿಯರ ಹೇರ್ ಡ್ರೈಯರ್ ತಂದು ಬಿಸಿ ಮಾಡಿದೆ, ಸ್ಪ್ರೇ ಹೊಡೆದು ತಣ್ಣಗೆ ಮಾಡಿದೆ. ಬಿಸಿಯಲ್ಲಿ ಒಮ್ಮೊಮ್ಮೆ 63 ಬರುತ್ತಿತ್ತು, ನಾನು ಉಸಿರು ಹಿಡಿಯುತ್ತಿದ್ದೆ, ಮತ್ತೆ 61.

ಹದಿನೈದು ದಿನ ಆದ ಮೇಲೆ ಹೋಗಿ ಹೇಳಿದೆ. ಅವರು ಸ್ಕೋಪ್ ಮುಂದೆ ಕೂತು ನೋಡಿದರು. "ಇದು ನಿನಗೆ ಯಾವಾಗ ಗೊತ್ತಾಗಿತ್ತು?" ಅಂದರು. ಸುಳ್ಳು ಹೇಳಲಾಗಲಿಲ್ಲ. "ಟೇಪ್‌ಔಟ್‌ಗೆ ಮೂರು ವಾರ ಮುಂಚೆ." ಸ್ವಲ್ಪ ಹೊತ್ತು ಸುಮ್ಮನಿದ್ದು, ಬಿಟ್ಟನ್ನು ಚೂರು ತಡಮಾಡುವ ಬಫರ್ ನಡುನಡುವೆ ಎರಡೆರಡು ಹಾಕಿದ್ದರೆ ಸಾಕಿತ್ತು, ಅರ್ಧ ದಿನದ ಕೆಲಸ ಅಂದರು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಅವರು ನನ್ನನ್ನು ನಂಬಿದರು, ಆದರೆ ಪ್ರತಿ ಸಲ ಎರಡು ಸಲ ಕೇಳಿ ನಂಬಿದರು. ಎರಡನೇ ಚಿಪ್‌ಗೆ ಹತ್ತಿರ ಹತ್ತಿರ ಒಂದು ವರ್ಷ ಹೋಯಿತು, ಅದು ಕೆಲಸ ಮಾಡಿತು, ಚೆನ್ನಾಗೇ ಮಾಡಿತು, ಅದರ ಪೇಪರ್ ಈಗಲೂ ಜನ ಓದುತ್ತಾರೆ ಅಂತ ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಆದರೆ ನಾಲ್ಕು ವರ್ಷದ ಕಾಂಟ್ರಾಕ್ಟ್ ಮುಗಿದುಹೋಗಿತ್ತು. ಹಗಲು ಕಂಪನಿ ಕೆಲಸ, ರಾತ್ರಿ ಥೀಸಿಸ್. 2014ರಲ್ಲಿ ಆಗಬೇಕಿದ್ದ ಡಿಫೆನ್ಸ್, ಅಂದರೆ ಥೀಸಿಸ್‌ನ ಕೊನೆಯ ಮೌಖಿಕ ಪರೀಕ್ಷೆ, 2015ರ ಕೊನೆಗೆ ಹೋಯಿತು.

ಇಲ್ಲಿ ಡಿಫೆನ್ಸ್ ಒಂದು ದೊಡ್ಡ ಸಮಾರಂಭ. ಪ್ರೊಫೆಸರ್‌ಗಳು ಗೌನು ಟೋಪಿ ಹಾಕಿ ಸಾಲಾಗಿ ಬರುತ್ತಾರೆ. ಮದುವೆ ಗಂಡಿನ ಪಕ್ಕ ನಿಂತ ಹಾಗೆ ನಿನ್ನ ಪಕ್ಕ ಇಬ್ಬರು ಸ್ನೇಹಿತರು ನಿಲ್ಲುತ್ತಾರೆ. ಹೊತ್ತು ಮುಗಿದ ಕೂಡಲೇ ಬೆತ್ತ ಹಿಡಿದವರೊಬ್ಬರು ಬಂದು "ಹೋರಾ ಎಸ್ಟ್" ಅನ್ನುತ್ತಾರೆ, ಹೊತ್ತಾಯಿತು ಅಂತ, ನೀನು ಮಾತಿನ ನಡುವೆ ಇದ್ದರೂ ಅಲ್ಲಿಗೆ ಮುಗಿಯಿತು. ಅಪ್ಪನಿಗೆ ಇದನ್ನೆಲ್ಲ ಹೇಳಿದ್ದೆ. ಅವರು 2014ಕ್ಕೇ ದಾವಣಗೆರೆಯಲ್ಲಿ ಸೂಟು ಹೊಲಿಸಿಟ್ಟಿದ್ದರು, ವೀಸಾ ಫೋಟೋ ತೆಗೆಸಿದ್ದರು. ಡಿಫೆನ್ಸ್ ಹೊತ್ತಿಗೆ ಅವರಿಗೆ ಲಕ್ವ ಹೊಡೆದು ಎಂಟು ತಿಂಗಳಾಗಿತ್ತು. ಮನೆಯಲ್ಲೇ ಸೂಟು ಹಾಕಿಕೊಂಡು ಸ್ಕೈಪ್ ಮುಂದೆ ಕೂತಿದ್ದರಂತೆ. ಎಡಗೈ ತೋಳಿಗೆ ಹೋಗಲಿಲ್ಲ ಅಂತ ಅಮ್ಮ ಅರ್ಧ ಹೆಗಲಿಗೆ ಹೊದಿಸಿದ್ದರು.

ಒಂದು ಶಿಫ್ಟ್ ರಿಜಿಸ್ಟರ್‌ಗೂ ಅಪ್ಪನ ಆರೋಗ್ಯಕ್ಕೂ ಸಂಬಂಧವಿಲ್ಲ, ಗೊತ್ತು. ಆದರೂ ಲೆಕ್ಕ ಹಾಕುತ್ತಿರುತ್ತೇನೆ.

ಮೊದಲ ವರ್ಷದ ಕೊನೆಗೆ ನಿನ್ನನ್ನು ಮುಂದುವರಿಸಬೇಕೋ ಬೇಡವೋ ಅಂತ ನಿರ್ಧಾರ ಮಾಡುತ್ತಾರೆ, ಅದಕ್ಕೆ ಹೆದರಿ ಎಲ್ಲಾ ಗೊತ್ತಿರುವವನ ಹಾಗೆ ಆಡಬೇಡ. ಮೊದಲ ಮೀಟಿಂಗ್‌ನಲ್ಲೇ ಒಂದು ಪೆದ್ದು ಪ್ರಶ್ನೆ ಕೇಳಿಬಿಡು. ಆಮೇಲೆ ಸಲೀಸು.

ಕುಕ್ಕರ್ ತರಬೇಕಾ ಅಂತ ಕೊನೆಯಲ್ಲಿ ಕೇಳಿದ್ದೀಯ, ನಾನು ಮರೆತಿದ್ದೆ. ತಾ, ಆದರೆ ಅಲ್ಯೂಮಿನಿಯಂ ಬೇಡ. ಇಲ್ಲಿ ಎಷ್ಟೋ ಮನೆಗಳಲ್ಲಿ ಇಂಡಕ್ಷನ್ ಒಲೆ, ತಳ ಅಯಸ್ಕಾಂತ ಅಂಟುವ ಸ್ಟೀಲಿನದ್ದಿರಬೇಕು, ಇಲ್ಲವಾದರೆ ಬಿಸಿಯೇ ಆಗುವುದಿಲ್ಲ. ಗ್ಯಾಸ್ಕೆಟ್ ಎರಡು ಜಾಸ್ತಿ ಇಟ್ಟುಕೋ. ಬರುವ ದಿನ ತಿಳಿಸು, ಸ್ಟೇಷನ್‌ಗೆ ಬರುತ್ತೇನೆ. ಸೂಟ್‌ಕೇಸ್ ನಾನು ಎತ್ತಿಕೊಂಡರೆ ಎಳೆಯಬೇಡ.