ಔಷಧಿ ಸಿಂಪಡಿಸುವ ವಿಮಾನದ ಎಂಜಿನ್ ನಿಂತರೆ ಪೈಲಟ್ ರನ್‌ವೇಗೆ ಹಿಂದಿರುಗದೆ ಎದುರಿನ ಹೊಲದಲ್ಲೇ ಇಳಿಸುವುದೇಕೆ?

ಹಿಂದಿರುಗಲು ಬೇಕಾದಷ್ಟು ಎತ್ತರ ಅವರ ಬಳಿ ಇರುವುದಿಲ್ಲ, ಅದಕ್ಕೆ. ಸಿಂಪಡಿಸುವಾಗ ವಿಮಾನ ಬೆಳೆಯಿಂದ ಸುಮಾರು 3 ಮೀಟರ್ ಮೇಲೆ, ಗಂಟೆಗೆ 200 ಕಿ.ಮೀ. ಆಸುಪಾಸಿನ ವೇಗದಲ್ಲಿ ಹಾರುತ್ತಿರುತ್ತದೆ. ಎಂಜಿನ್ ನಿಂತ ಕ್ಷಣದಲ್ಲಿ ಪೈಲಟ್‌ಗೆ ಉಳಿಯುವ ಬಂಡವಾಳ ಆ ವೇಗವೊಂದೇ.

ತಿರುವು ಅದನ್ನೇ ತಿಂದುಹಾಕುತ್ತದೆ. ವಿಮಾನ ಓರೆಯಾದಾಗ ರೆಕ್ಕೆಯ ಬಲದ ಒಂದು ಪಾಲು ತಿರುಗಿಸುವುದಕ್ಕೆ ಹೋಗುತ್ತದೆ. 60 ಡಿಗ್ರಿ ಓರೆಯಾಗಿ, ಎತ್ತರ ಬಿಡದೆ ತಿರುಗಬೇಕಾದರೆ ರೆಕ್ಕೆ ವಿಮಾನದ ತೂಕದ ಎರಡರಷ್ಟು ಹೊರಬೇಕು. ಹಾರಾಟಕ್ಕೆ ಬೇಕಾದ ಕನಿಷ್ಠ ವೇಗ ಶೇ. 41ರಷ್ಟು ಏರುತ್ತದೆ. ವೇಗ ಅದಕ್ಕಿಂತ ಕಡಿಮೆಯಾದರೆ ರೆಕ್ಕೆ ಗಾಳಿಯ ಹಿಡಿತ ಕಳೆದುಕೊಳ್ಳುತ್ತದೆ. ಇದನ್ನು ಸ್ಟಾಲ್ ಎನ್ನುತ್ತಾರೆ. ಅಷ್ಟು ಕೆಳಗೆ ಸ್ಟಾಲ್ ಆದರೆ ಸಾವರಿಸಿಕೊಳ್ಳಲು ಜಾಗವೇ ಇರುವುದಿಲ್ಲ.

ಹಾಗಾಗಿ ಪೈಲಟ್‌ನ ಕೈ ಮೊದಲು ಹೋಗುವುದು ಟ್ಯಾಂಕ್ ಖಾಲಿ ಮಾಡುವ ಲಿವರ್‌ಗೆ. ತಳದ ಬಾಗಿಲು ತೆರೆದು ನೂರಾರು ಲೀಟರ್ ದ್ರಾವಣ ಕೆಲವೇ ಸೆಕೆಂಡುಗಳಲ್ಲಿ ಸುರಿಯುತ್ತದೆ, ತೂಕ ಇಳಿಯುತ್ತದೆ. ಕೆಳಗಿನ ಬೆಳೆ ಹಾಳಾಗಬಹುದು. ಜೀವದ ಮುಂದೆ ಅದು ಲೆಕ್ಕಕ್ಕಿಲ್ಲ. ಮಿಕ್ಕ ವೇಗದಿಂದ ತುಸು ಮೇಲೇರಿ, ವಿದ್ಯುತ್ ತಂತಿ ತಪ್ಪಿಸಿ, ಆದಷ್ಟು ನೇರಕ್ಕೇ ಇಳಿಸಬೇಕು.

ನೆಲದ ಸ್ವಭಾವವೂ ಮುಖ್ಯ. ಹಾಸನದ ಆಲೂಗಡ್ಡೆ ಹೊಲದಂಥ ಬಯಲಿನಲ್ಲಿ ಸಾಲುಗಳ ಉದ್ದಕ್ಕೆ ಇಳಿಸಿದರೆ ಬದುಕುವ ಅವಕಾಶ ಚೆನ್ನಾಗಿದೆ. ಚಿಕ್ಕಮಗಳೂರಿನ ಕಾಫಿ ತೋಟದ ಇಳಿಜಾರು, ಸಿಲ್ವರ್ ಓಕ್ ಮರಗಳ ನಡುವೆ ಅಂಥ ಜಾಗ ಸಿಗುವುದು ಬಹಳ ಕಷ್ಟ.